ಉತ್ತರ, ದಕ್ಷಿಣ ಮತ್ತು ನಮ್ಮ ಮನೆಯ ಬಟವಾಡೆ

ಅಮೆರಿಕದ ಅಂತರ್ಯುದ್ಧಕ್ಕೆ ಕಾರಣಗಳೇನು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಿದ್ದೆಗಣ್ಣಿನಲ್ಲೇ ಹೇಳಬಲ್ಲೆ. ಉತ್ತರದಲ್ಲಿ ಕಾರ್ಖಾನೆ, ದಕ್ಷಿಣದಲ್ಲಿ ಹತ್ತಿ. ಅಲ್ಲಿ ಸಂಬಳ, ಇಲ್ಲಿ ಜಮೀನು. ಉತ್ತರದವರು ದಕ್ಷಿಣದವರನ್ನು ಹಿಂದುಳಿದವರು ಎಂದರು, ದಕ್ಷಿಣದವರು ಉತ್ತರದವರನ್ನು ದುಡ್ಡಿನ ಹುಳುಗಳು ಎಂದರು. ಎರಡು ಸಾವಿರದ ದಶಕದ ನಡುವಿನ ವರ್ಷಗಳಲ್ಲಿ ಹಾವೇರಿಯ ಒಂದು ಖಾಸಗಿ ಕಾಲೇಜಿನ ಬಿ.ಎ. ಹುಡುಗರಿಗೆ ಈ ಪಾಠವನ್ನು ನಾನು ಮಾಡುತ್ತಿದ್ದೆ. ಪುಸ್ತಕ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಏಕೆಂದರೆ ನಾನು ಹುಟ್ಟಿದ್ದು ಉತ್ತರದಲ್ಲಿ, ಲಗ್ನವಾಗಿ ಹೋದದ್ದು ದಕ್ಷಿಣಕ್ಕೆ. ಎರಡರ ನಡುವೆ ಬಸ್ಸಿನಲ್ಲಿ ಒಂದು ತಾಸಿನ ದಾರಿ, ಅದೂ ಡ್ರೈವರ್ ನಡುವೆ ಚಹಾಕ್ಕೆ ಇಳಿದರೆ.

ಉತ್ತರವೆಂದರೆ ರಾಣೆಬೆನ್ನೂರು, ದಕ್ಷಿಣವೆಂದರೆ ಬ್ಯಾಡಗಿ. ನಕಾಶೆ ಬಿಡಿಸಿಕೊಂಡು ಜಗಳಕ್ಕೆ ಬರಬೇಡಿ, ದಿಕ್ಕು ತಿರುವು ಮುರುವಾಗಿರುವುದು ನನಗೂ ಗೊತ್ತು. ನನ್ನಪ್ಪ ಹೊಳೆದಂಡೆಯ ಒಂದು ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದರು. ರಾಣೆಬೆನ್ನೂರಿನ ನಮ್ಮ ಓಣಿಯ ತುದಿಗೆ ಕಂಪನಿ ಬಸ್ಸು ಬಂದು ನಿಲ್ಲುತ್ತಿತ್ತು. ಇಸ್ತ್ರಿಯ ಖಾಕಿ ಅಂಗಿ ತೊಟ್ಟು ಸ್ಟೀಲಿನ ಡಬ್ಬಿ ಹಿಡಿದು ಅಪ್ಪ ಹತ್ತುವಾಗ ಗಡಿ ಕಾಯಲು ಹೊರಟವರ ಗತ್ತು. ಅವರ ಪ್ರಕಾರ ಭೂಮಿಯ ಮೇಲೆ ಎರಡೇ ಜಾತಿ. ಪಗಾರದವರು ಒಂದು, ಮುಗಿಲು ನೋಡುವವರು ಇನ್ನೊಂದು. ಪಗಾರದವರಿಗೆ ಬೋನಸ್ಸು, ಕ್ಯಾಂಟೀನಿನ ಊಟ, ದಸರೆಗೆ ಮಿಠಾಯಿ ಪೆಟ್ಟಿಗೆ. ಮುಗಿಲು ನೋಡುವವರಿಗೆ ಕುತ್ತಿಗೆ ನೋವು. ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದ ದಿನ ಓಣಿಯವರೆಲ್ಲ ಮೂಗು ಮುಚ್ಚಿಕೊಂಡರೆ ಅಪ್ಪ ಮಾತ್ರ ಎದೆ ತುಂಬ ಎಳೆದುಕೊಂಡು, ಇದು ಅನ್ನದ ವಾಸನೆ ಎನ್ನುತ್ತಿದ್ದರು. ಅನ್ನದ ವಾಸನೆಗೆ ಅವ್ವನಿಗೆ ವಾಂತಿ ಬರುತ್ತಿತ್ತು.

ಇತ್ತ ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ನನ್ನ ಮಾವ. ಅವರದು ಮೆಣಸಿನಕಾಯಿ ಹೊಲ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಮಾವನಿಗೂ ಅದೇ ಗುಣ ಇತ್ತು. ದೇಶದಲ್ಲಿ ಯಾರ ಮನೆಯ ಸಾರು ಕೆಂಪಗಿದ್ದರೂ ಅದಕ್ಕೆ ತಾವೇ ಕಾರಣ ಎಂಬ ಭಾವದಲ್ಲಿ ಜಗುಲಿಯ ಮೇಲೆ ಕೂರುತ್ತಿದ್ದರು. ಪಗಾರದವರನ್ನು ಕಂಡರೆ ಅವರಿಗೆ ಕನಿಕರ. "ಪಾಪ, ಗಂಟಿ ಹೊಡದ್ರ ಏಳಬೇಕು, ಗಂಟಿ ಹೊಡದ್ರ ಉಣ್ಣಬೇಕು" ಎನ್ನುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಅವರ ಬಾಯಲ್ಲಿ ಸದಾ ಇರುತ್ತಿತ್ತು. ಕೈ ಯಾರದು, ಬಾಯಿ ಯಾರದು ಎಂದು ಗಾದೆಯಲ್ಲಿ ಹೇಳಿಲ್ಲವಾದ್ದರಿಂದ ಅವರಿಗೂ ತೊಂದರೆ ಇರಲಿಲ್ಲ.

ಇಂಥ ಎರಡು ಸೀಮೆಗಳು ಬೀಗರಾಗಲು ಹೊರಟವು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ, ಹೊಲ ನೋಡಿ ಬರುವ ರೂಢಿ. ಅಪ್ಪ ಕಂಪನಿ ಕೊಟ್ಟ ಬೂಟು ಹಾಕಿಕೊಂಡು ಹೊಲ ನೋಡಲು ಹೋದರು. ಕಣದ ತುಂಬ ಕೆಂಪಗೆ ಕಾಯಿ ಹರಡಿತ್ತು. ಅದನ್ನು ನೋಡಿ, ಸೀನಿ, ಮೂಗು ಒರೆಸಿಕೊಂಡು ಅಪ್ಪ ಕೇಳಿದರಂತೆ:

"ಎಲ್ಲಾ ಸೇರಿ ತಿಂಗಳಾ ಎಷ್ಟು ಬರ್ತೈತ್ರೀ?"

"ತಿಂಗಳಾ? ತಿಂಗಳಾ ತಿಂಗಳಾ ಕೊಡಾಕ ಹೊಲಾ ಏನು ಬಾಡಗಿ ಮನೀನ್ರೀ?" ಎಂದರು ಮಾವ.

ಅಪ್ಪ ಮುಖ ಸಣ್ಣದು ಮಾಡಿಕೊಂಡರು. ಆದರೆ ಮಾವನೇನೂ ಕಡಿಮೆ ಇರಲಿಲ್ಲ. ಊಟಕ್ಕೆ ಕುಳಿತಾಗ ಬಹಳ ಮರ್ಯಾದೆಯಿಂದ ತಾವೂ ಒಂದು ಪ್ರಶ್ನೆ ಹಾಕಿದರು:

"ಅಲ್ರೀ ಬೀಗರ, ಇಷ್ಟು ವರ್ಷ ಆ ಫ್ಯಾಕ್ಟರಿಯೊಳಗ ದುಡದೀರಿ. ರಿಟೈರ್ ಆದ ಮ್ಯಾಲೆ ಅದರಾಗ ನಿಮ್ಮ ಪಾಲಿಗೆ ಎಷ್ಟು ಬರ್ತೈತಿ? ಒಂದು ಮಶೀನರ ಬರ್ತೈತಿಲ್ಲೋ?"

ಆಯುಷ್ಯವೆಲ್ಲ ಒಂದೇ ಕಡೆ ದುಡಿದವನಿಗೆ ಅಲ್ಲಿ ಗೇಣು ಪಾಲೂ ಇರುವುದಿಲ್ಲ ಎಂಬುದು ಮಾವನ ತಲೆಗೆ ಹೋಗುವ ಮಾತೇ ಆಗಿರಲಿಲ್ಲ. ಅಪ್ಪ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, ಪಿಂಚಣಿ ಗಿಂಚಣಿ ಎಂದು ಏನೋ ಗುನುಗಿದರು. ಇಬ್ಬರೂ ಮನಸ್ಸಿನಲ್ಲೇ ಇನ್ನೊಬ್ಬರನ್ನು ಭಿಕಾರಿ ಎಂದುಕೊಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಸಂಬಂಧ ಗಟ್ಟಿ ಮಾಡಿದರು.

ಲಗ್ನಕ್ಕೆ ನನ್ನದೊಂದೇ ಷರತ್ತು ಇತ್ತು, ಕಾಲೇಜಿನ ಕೆಲಸ ಬಿಡುವುದಿಲ್ಲ ಎಂಬುದು. ಮಾವ ಖುಷಿಯಿಂದಲೇ ಒಪ್ಪಿದರು. ಮನೆಯಲ್ಲೊಬ್ಬರು ಮೇಡಂ ಇದ್ದರೆ ಬ್ಯಾಡಗಿ ಪೇಟೆಯಲ್ಲಿ ನಾಲ್ಕು ಮಂದಿ ಮರ್ಯಾದೆಯಿಂದ ಕೇಳುತ್ತಾರೆ ಎಂಬುದು ಅವರ ಲೆಕ್ಕ. ನನ್ನದು ಕಾಯಂ ಕೆಲಸವಲ್ಲ, ಪಾಠ ಮಾಡಿದಷ್ಟಕ್ಕೆ ಸಂಬಳ, ಆ ಸಂಬಳವೂ ಆಡಳಿತ ಮಂಡಳಿಗೆ ಒಳ್ಳೆಯ ಮನಸ್ಸು ಬಂದಾಗ ಎಂಬುದನ್ನು ನಾನೇನೂ ಬಿಡಿಸಿ ಹೇಳಲಿಲ್ಲ. ಉತ್ತರದವರು ತಮ್ಮ ಬಡತನವನ್ನು ಇಸ್ತ್ರಿ ಮಾಡಿ ತೊಡುತ್ತಾರೆ.

ಬೇಸಿಗೆಯಲ್ಲಿ ಲಗ್ನವಾಯಿತು. ಮಳೆಗಾಲ ಸುಖವಾಗಿ ಕಳೆಯಿತು. ಬೆಳಗ್ಗೆ ಹಾವೇರಿ ಬಸ್ಸು, ಸಂಜೆ ಬ್ಯಾಡಗಿ ಬಸ್ಸು. ನನ್ನ ಗಂಡ ಒಪ್ಪೊತ್ತು ಹೊಲದಲ್ಲಿ, ಇನ್ನೊಪ್ಪೊತ್ತು ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಇರುತ್ತಿದ್ದ. ಅಂತರ್ಯುದ್ಧದಲ್ಲಿ ಗಡಿರಾಜ್ಯಗಳು ಅಂತ ಇದ್ದವು, ಆ ಕಡೆಗೂ ಹೂಂ, ಈ ಕಡೆಗೂ ಹೂಂ. ಅವುಗಳ ಬಗ್ಗೆ ಪಾಠ ಮಾಡುವಾಗ ನನಗೆ ಗಂಡನ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ಜನವರಿ ಬಂತು, ಕಾಯಿ ಹಣ್ಣಾಯಿತು, ಮನೆಯ ಗಾಳಿ ಬದಲಾಯಿತು. ಕಾಯಿ ಬಿಡಿಸಲು ಗುತ್ತಲದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಆಳುಗಳು ಬಂದಿಳಿದರು. ಸುಗ್ಗಿ ಮುಗಿಯುವ ತನಕ ಅವರ ಬಿಡಾರ ನಮ್ಮ ಹೊಲದಲ್ಲೇ, ಮಧ್ಯಾಹ್ನದ ಬುತ್ತಿ ನಮ್ಮ ಮನೆಯದೇ. ಅಂದರೆ ನಸುಕಿನಲ್ಲೇ ಎದ್ದು ಅಷ್ಟೂ ಜನಕ್ಕೆ ರೊಟ್ಟಿ ಬಡಿಯಬೇಕು, ಪಲ್ಯ ಮಾಡಬೇಕು, ಬುತ್ತಿಯನ್ನು ತಲೆಯ ಮೇಲೆ ಹೊತ್ತು ಹೊಲಕ್ಕೆ ಒಯ್ಯಬೇಕು, ಕಣದಲ್ಲಿ ಕಾಯಿ ತಿರುವಿ ಹಾಕಬೇಕು, ಬಣ್ಣಗೆಟ್ಟ ಬಿಳಿಗಾಯಿ ಆರಿಸಿ ತೆಗೆಯಬೇಕು, ಸಂಜೆ ಬಂದು ಮತ್ತೆ ಒಲೆ ಹೊತ್ತಿಸಬೇಕು. ಇಷ್ಟನ್ನೂ ಅತ್ತೆ ಹರೆಯದಿಂದ ಒಬ್ಬರೇ ಮಾಡಿಕೊಂಡು ಬಂದಿದ್ದರು. ಈಗ ಅವರ ಮೊಣಕಾಲು ಮುಷ್ಕರ ಹೂಡಿತ್ತು. ಮೊಣಕಾಲಿಗೆ ಯೂನಿಯನ್ ಇರಲಿಲ್ಲವಾದ್ದರಿಂದ ಯಾರೂ ಅದರ ಜೊತೆ ಮಾತುಕತೆಗೆ ಕೂರಲಿಲ್ಲ.

ಮಾವ ನನ್ನನ್ನು ಕರೆದು ಸಮಾಧಾನದಿಂದಲೇ ಹೇಳಿದರು. "ತಂಗಿ, ಸುಗ್ಗಿ ಮುಗಿಯೂ ತನಾ ಎರಡು ತಿಂಗಳಾ ಸಾಲಿ ಬಿಡು. ಆ ಮ್ಯಾಲೆ ಬೇಕಾರ ಹೋಗುವಂತಿ."

ಕಾಲೇಜನ್ನು ಅವರು ಕೊನೆಯ ತನಕ ಸಾಲಿ ಎಂದೇ ಕರೆದರು. ಅದೇನೂ ದೊಡ್ಡ ಮಾತಲ್ಲ. ದೊಡ್ಡ ಮಾತೆಂದರೆ, ಆ ಎರಡು ತಿಂಗಳು ಬಿಟ್ಟರೆ ನನ್ನ ಕೆಲಸ ಹೋದಂತೆಯೇ ಎಂಬುದು. ಪ್ರಾಚಾರ್ಯರಿಗೆ ರಜೆ ಕೇಳಿದೆ. ಅವರು ಕನ್ನಡಕ ಒರೆಸುತ್ತ, "ರಜಾ ಏನು, ಪೂರ್ತಿ ತಗೋರಿ. ನಿಮ್ಮ ಜಾಗಾಕ್ಕ ಬರಾಕ ಮಂದಿ ಬಾಗಲಾಗ ನಿಂತಾರ" ಎಂದರು. ನಾನು ಅತ್ತು ಬಿಡುವಷ್ಟು ಕಷ್ಟಪಟ್ಟು ಪಡೆದಿದ್ದ ಕೆಲಸ ಅದು. ಎಂ.ಎ. ಓದಿಸಲು ಅಪ್ಪನ ಜೊತೆ ಅವ್ವ ಮಾಡಿದ ಜಗಳವೇ ಒಂದು ಪ್ರತ್ಯೇಕ ಯುದ್ಧ. ಅದನ್ನು ಮೆಣಸಿನಕಾಯಿಯ ಪಾಲು ಮಾಡಲು ನನಗೆ ಮನಸ್ಸಿರಲಿಲ್ಲ. ಆದರೆ ನಾನು ಬಸ್ಸು ಹತ್ತಿದರೆ ಆ ಭಾರವೆಲ್ಲ ಅತ್ತೆಯ ಮೊಣಕಾಲಿನ ಮೇಲೆ ಬೀಳುತ್ತಿತ್ತು. ಗಂಡನನ್ನು ಕೇಳಿದೆ. "ನೀ ಹೇಳೂದೂ ಖರೇ, ಅಪ್ಪ ಹೇಳೂದೂ ಖರೇ" ಎಂದ ಗಡಿರಾಜ್ಯ.

ಒಂದು ವಾರ ಹೇಗೋ ಎಳೆದೆ. ನಸುಕಿನಲ್ಲಿ ಅತ್ತೆಯ ಜೊತೆ ರೊಟ್ಟಿಗೆ ಕುಳಿತು, ಆಮೇಲೆ ಓಡಿ ಬಸ್ಸು ಹಿಡಿಯುತ್ತಿದ್ದೆ. ಆ ದಿನದ ಪಾಠವನ್ನು ಒಲೆಯ ಮುಂದೆಯೇ ಗಟ್ಟಿಯಾಗಿ ಹೇಳಿಕೊಳ್ಳುವುದು ನನ್ನ ಅಭ್ಯಾಸ. ಅತ್ತೆ ಹಿಟ್ಟು ತಟ್ಟುತ್ತ ಸುಮ್ಮನೆ ಕೇಳುತ್ತಿದ್ದರು. ಒಂದು ಮುಂಜಾನೆ ಕೈ ನಿಲ್ಲಿಸಿ ಕೇಳಿದರು:

"ಆ ಹತ್ತಿ ಸೀಮ್ಯಾಗ ಹತ್ತಿ ಬಿಡಸೋರಿಗೆ ಕೂಲಿ ಎಷ್ಟು ಕೊಡ್ತಿದ್ರಬೇ?"

"ಕೊಡ್ತಿದ್ದಿಲ್ರೀ ಅತ್ತಿ. ಅವರನ್ನ ರೊಕ್ಕಾ ಕೊಟ್ಟು ಕೊಂಡು ತಂದಿರ್ತಿದ್ರು."

"ಮಂದೀನ? ದನಾ ಕೊಂಡಂಗ?"

"ಹೂಂ. ಬಾರಕೋಲ್ಲೆ ಹೊಡೀತಿದ್ರು. ತಾಯಿನ್ನ ಒಬ್ಬಗ, ಮಕ್ಕಳನ್ನ ಇನ್ನೊಬ್ಬಗ ಮಾರ್ತಿದ್ರು."

"ಶಿವನ ಶಿವನ" ಎಂದು ಅತ್ತೆ ಕೆನ್ನೆ ಮುಟ್ಟಿಕೊಂಡರು. ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಅದನ್ನು ತೆಗೆದು ಬದಿಗಿಟ್ಟು ಹೇಳಿದರು. "ನಮ್ದು ಹಂಗಲ್ಲ ಬಿಡು. ನಮ್ಮನ್ನ ಯಾರೂ ಮಾರಿಲ್ಲ, ಹೊಡದಿಲ್ಲ. ಅವರ ಸಂಕಟದ ಮುಂದ ನಮ್ದೇನು." ಆಮೇಲೆ ಇನ್ನೊಂದು ಉಂಡೆ ತೆಗೆದುಕೊಂಡು ಕೇಳಿದರು, "ಆ ಫ್ಯಾಕ್ಟರಿ ಸೀಮ್ಯಾಗ?"

"ಅಲ್ಲಿ ಎಲ್ಲಾರಿಗೂ ಪಗಾರ ಇತ್ತು" ಎಂದೆ, ನಾನೇ ಕೊಟ್ಟಂತೆ.

"ನಿಮ್ಮಪ್ಪಗ ಇತ್ತಲ್ಲ, ಹಂಗ."

"ಹೌದ್ರೀ."

"ನಿಮ್ಮವ್ವಗ?"

ನನಗೆ ಸಿಟ್ಟು ಬಂತು. ಅವ್ವನಿಗೆ ಯಾಕೆ ಪಗಾರ ಎಂದು ಕೇಳಲು ಹೋದೆ, ಅಷ್ಟರಲ್ಲಿ ಅವ್ವನ ದಿನಗಳೇ ನೆನಪಾದವು. ಅಪ್ಪನ ಮುಂಜಾನೆಯ ಪಾಳಿಗೆ ಡಬ್ಬಿ ಕಟ್ಟಿದವಳು ಅವ್ವ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗಿದಾಗ ನಮ್ಮ ಬಾಯಿಗೆ ಸೆರಗು ಮುಚ್ಚಿ ಓಣಿಗೆ ಎಳೆದೊಯ್ದವಳೂ ಅವಳೇ. ಕಂಪನಿಯ ಸೈರನ್ನು ಅಪ್ಪನಿಗೆ ಪಾಳಿ ಮುಗಿಯಿತು ಎಂದು ಹೇಳುತ್ತಿತ್ತು. ಅವಳಿಗೆ ಯಾವ ಸೈರನ್ನೂ ಆಗಲಿಲ್ಲ. ಬೋನಸ್ಸಿನಲ್ಲಿ ಅವಳಿಗೊಂದು ಸೀರೆ ಬರುತ್ತಿತ್ತು, ಅದೂ ಅಪ್ಪ ಆರಿಸಿದ ಬಣ್ಣದ್ದು. ಅಂದು ಕಾಲೇಜಿನಲ್ಲಿ, ಉತ್ತರದ ಪ್ರಗತಿಪರ ಅರ್ಥವ್ಯವಸ್ಥೆ ಎಂದು ಹೇಳುವಾಗ ನನ್ನ ದನಿ ಸ್ವಲ್ಪ ಕೆಳಗಿಳಿಯಿತು. ಹಿಂದಿನ ಬೆಂಚಿನವರು ಮಲಗಿದ್ದರು, ಚರಿತ್ರೆಗೆ ಏನೂ ಹಾನಿಯಾಗಲಿಲ್ಲ.

ಆ ಸಂಜೆ ನಾನು ಬಸ್ಸಿಳಿದು ಬಂದಾಗ ಜಗುಲಿಯಲ್ಲಿ ಮಾವ ಕಾಯುತ್ತಿದ್ದರು. ಗಂಡನೂ ಇದ್ದ. ಬಾಗಿಲ ಒಳಗೆ ಅತ್ತೆ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮಾವ ಈ ಸಲ ಲೆಕ್ಕಾಚಾರ ಸಮೇತ ತಯಾರಾಗಿದ್ದರು.

"ನೋಡು ತಂಗಿ, ನೀ ಹೋದ್ರ ನಿನ್ನ ಕೆಲಸಾಕ್ಕ ಒಬ್ಬಾಕೀನ ಕೂಲಿಗೆ ಹಚ್ಚಬೇಕು. ಆಕಿಗೆ ದಿನಾ ಕೂಲಿ, ಮ್ಯಾಲೆ ಊಟ, ಚಾ. ನಿನ್ನ ಪಗಾರ ಬಸ್ಸಿಗೆ ಹೊಕ್ಕೈತಿ. ಯಾವ ಶ್ಯಾಣ್ಯಾ ಈ ವ್ಯವಹಾರ ಮಾಡ್ತಾನ? ಮನ್ಯಾಗಿನ ಹೆಣಮಕ್ಕಳು ಮಾಡಿದ್ರ ಪುಕ್ಕಟ ಆಗ್ತೈತಿ. ಸೋಮವಾರದಿಂದ ಸಾಲಿ ಬ್ಯಾಡ. ಮುಗೀತು."

"ಪುಕ್ಕಟ ಅಂದ್ರ?" ಒಳಗಿನಿಂದ ಅತ್ತೆಯ ದನಿ ಬಂತು.

"ಪುಕ್ಕಟ ಅಂದ್ರ ಪುಕ್ಕಟ. ಈಗ ನೀ ಮಾಡೂದಿಲ್ಲೇನು, ಹಂಗ."

ಅತ್ತೆ ಎಣ್ಣೆಯ ಬಟ್ಟಲು ಕೆಳಗಿಟ್ಟರು. ನಾನು ಒಳಗೆ ಹೋಗಿ ಬಟ್ಟೆ ಬದಲಿಸಿದೆ, ಕಣ್ಣು ಒರೆಸಿಕೊಂಡೆ. ಮೆಣಸಿನಕಾಯಿ ಮನೆಯಲ್ಲಿ ಅಳುವುದಕ್ಕೊಂದು ಅನುಕೂಲ ಇದೆ, ಯಾರೂ ಕಾರಣ ಕೇಳುವುದಿಲ್ಲ.

ಮರುದಿನ ಬಟವಾಡೆ. ವಾರಕ್ಕೊಮ್ಮೆ, ಸಂತೆಯ ಹಿಂದಿನ ಸಂಜೆ, ಆಳುಗಳಿಗೆಲ್ಲ ಕೂಲಿ ಹಂಚುವುದು ಪದ್ಧತಿ. ಕಣದ ಅಂಚಿನಲ್ಲಿ ಮಾವ ಕಂಬಳಿ ಹಾಸಿ, ತಲೆಗೆ ಹೊಸ ಪಟಗ ಸುತ್ತಿ ಕೂರುತ್ತಿದ್ದರು. ವಾರದಲ್ಲಿ ಅವರಿಗೆ ಅತ್ಯಂತ ಪ್ರಿಯವಾದ ಹೊತ್ತು ಅದು. ಮೊದಲು ಗಂಡಾಳು, ಆಮೇಲೆ ಹೆಣ್ಣಾಳು ಸಾಲಾಗಿ ಬಂದು ಕೈ ಒಡ್ಡುವರು, ಇವರು ಎಣಿಸಿ ಕೊಟ್ಟು ಒಂದೊಂದು ಬುದ್ಧಿಮಾತನ್ನೂ ಪುಕ್ಕಟೆ ಸೇರಿಸುವರು. ನಾನು ಕಾಲೇಜು ಮುಗಿಸಿ ಬಂದವಳು ಅಲ್ಲೇ ಬದುವಿನ ಮೇಲೆ ನಿಂತಿದ್ದೆ. ಹೆಣ್ಣಾಳುಗಳ ಸಾಲು ಕರಗುತ್ತ ಬಂತು. ಕೊನೆಯವಳೂ ತೆಗೆದುಕೊಂಡು ಸರಿದಳು. ಅವಳ ಹಿಂದೆ ಅತ್ತೆ ನಿಂತಿದ್ದರು.

ತಲೆ ತುಂಬ ಸೆರಗು, ಕೈಯಲ್ಲಿ ಇನ್ನೂ ಕಾಯಿಯ ಕೆಂಪು. ಬಲಗೈ ಮುಂದೆ ಚಾಚಿದ್ದರು.

"ಏನಬೇ?" ಎಂದರು ಮಾವ.

"ಕೂಲಿ."

ಆಳುಗಳು ನಕ್ಕರು. ಮಾವನೂ ನಕ್ಕರು. "ನಿನಗ್ಯಾತರ ಕೂಲಿ? ಮನೀ ಯಜಮಾನ್ತಿ ನೀ!"

"ಯಜಮಾನ್ತಿ ಅಂದ್ರ ಪಾಲರ ಕೊಡ್ರಿ. ಇಲ್ಲಾ ಆಳು ಅಂದ್ರ ಕೂಲಿ ಕೊಡ್ರಿ. ಎರಡೂ ಇಲ್ಲಾ ಅಂದ್ರ ನಾ ಯಾರು, ಅದನ್ನರ ಹೇಳ್ರಿ."

ನಗು ನಿಂತಿತು. ಒಬ್ಬ ಹೆಂಗಸು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಬೀಗರ ಕಾರ್ಖಾನೆಯಲ್ಲಿ ಪಾಲು ಎಷ್ಟು ಬರುತ್ತದೆಂದು ಕೇಳಿದ್ದ ಮನುಷ್ಯ ಈಗ ತಮ್ಮದೇ ಕಂಬಳಿಯ ಮೇಲೆ ಬಾಯಿ ತೆರೆದು ಕುಳಿತಿದ್ದರು. ಅಷ್ಟು ಜನರ ಮುಂದೆ ಚೇಷ್ಟೆ ಮಾಡಿದಂತೆ ಒಂದು ಹೆಣ್ಣಾಳಿನ ವಾರದ ಕೂಲಿ ಎಣಿಸಿ ಅತ್ತೆಯ ಕೈಗಿಟ್ಟರು. "ತಗೋ, ಸಂತ್ಯಾಗ ಬೆಂಡು ಬೆತ್ತಾಸ ತಿನ್ನು ಹೋಗು." ಅತ್ತೆ ಅದನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಡಾರದ ಕಡೆ ಹೊರಟ ಆಳುಗಳ ಜೊತೆಯೇ ಹೊಲ ದಾಟಿ ಮನೆಯ ದಾರಿ ಹಿಡಿದರು.

ಮಾವ ಅದನ್ನು ಚೇಷ್ಟೆಯೆಂದೇ ತಿಳಿದು ಮನೆಗೆ ಬಂದರು. ಕೈಕಾಲು ತೊಳೆದು ಮಣೆಯ ಮೇಲೆ ಕುಳಿತರು. ಒಲೆ ತಣ್ಣಗಿತ್ತು. ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ಬಹಳ ಆರಾಮಾಗಿ ಅಡಿಕೆ ಕತ್ತರಿಸುತ್ತಿದ್ದರು.

"ಏನು, ಉಣ್ಣಾಕ ಇಲ್ಲೇನು?"

"ಬಟವಾಡಿ ಆತಲ್ರೀ" ಎಂದರು ಅತ್ತೆ. "ಬಟವಾಡಿ ಆದ ಮ್ಯಾಲೆ ಯಾವ ಆಳು ಕೆಲಸಾ ಮಾಡ್ತೈತಿ?"

ಮಾವ ನನ್ನ ಕಡೆ ತಿರುಗಿದರು. ನಾನು ಪಾಠದ ಪುಸ್ತಕ ತೆರೆದು ಅದರೊಳಗೆ ಮುಖ ಇಟ್ಟೆ. ಮಗನ ಕಡೆ ತಿರುಗಿದರು. ಗಡಿರಾಜ್ಯ ಎದ್ದು, ಇತಿಹಾಸದಲ್ಲಿ ಮೊದಲ ಸಲ ಒಂದು ನಿರ್ಧಾರ ಕೈಗೊಂಡು, ಅಡುಗೆಮನೆಗೆ ಹೋಗಿ ಮುಂಜಾನೆಯ ತಂಗಳ ರೊಟ್ಟಿ, ಮೊಸರು, ಉಳ್ಳಾಗಡ್ಡಿ ತಂದು ಅಪ್ಪನ ಮುಂದಿಟ್ಟ. ಬಾಯಿ ಮೊಸರಾಯಿತು. ಒಣಗಿದ ರೊಟ್ಟಿ ಮುರಿಯುವ ಸದ್ದು ಇಡೀ ಮನೆಗೆ ಕೇಳಿಸುತ್ತಿತ್ತು. ಅರ್ಧ ರೊಟ್ಟಿ ಮುಗಿದ ಮೇಲೆ ಮಾವ, ಯಾರನ್ನೂ ನೋಡದೆ, "ಹಂಗಾರ ಏನ್ ಮಾಡಬೇಕಂತೀ ಈಗ?" ಎಂದರು.

"ಬುತ್ತಿಗೆ ಒಬ್ಬಾಕೀನ ಹಚ್ಚರಿ. ಸೊಸಿ ತನ್ನ ಕೆಲಸಾಕ್ಕ ಹೊಕ್ಕಾಳ. ನಾ ಕಣದಾಗ ಕುಂತು ಮಾಡೂವಷ್ಟು ಮಾಡ್ತೀನಿ. ಕೂಲಿ ಕೊಟ್ರ ಮಾಡ್ತೀನಿ."

"ಕೊಡೂದಿಲ್ಲಂದ್ರ?"

"ಗುತ್ತಲದ ಟ್ರ್ಯಾಕ್ಟರ್ ಐತಿ. ಅವರು ಹೋಗೂ ಹೊಲಕ್ಕ ನಾನೂ ಹೊಕ್ಕೀನಿ."

ಅತ್ತೆ ಇದನ್ನು ಜಗಳದ ದನಿಯಲ್ಲಿ ಹೇಳಲಿಲ್ಲ, ಊರಿಗೆ ಹೋಗುವ ಬಸ್ಸಿನ ಹೊತ್ತು ಹೇಳಿದಂತೆ ಹೇಳಿದರು. ಹೋಗುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಬ್ಯಾಡಗಿ ಪೇಟೆಯ ನಾಲ್ಕು ಮಂದಿಯ ಬಾಯಲ್ಲಿ ಆ ಸುದ್ದಿ ಹೇಗೆ ಓಡಾಡುತ್ತದೆ ಎಂಬುದು ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಅವರು ಉಳ್ಳಾಗಡ್ಡಿ ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು, "ಹೂಂ, ನಡೀಲಿ" ಎಂದರು.

ಸೋಮವಾರ ನಾನು ಹಾವೇರಿ ಬಸ್ಸು ಹತ್ತಿದೆ. ಆ ಬಸ್ಸಿನಲ್ಲಿ ಕುಳಿತಾಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ, ಕಂಡಕ್ಟರನಿಗೆ ಚಿಲ್ಲರೆಯೂ ಕೇಳಲಿಲ್ಲ. ಅತ್ತೆಯ ಮೇಲೆ ಅಷ್ಟು ಪ್ರೀತಿ ಅದಕ್ಕೂ ಮೊದಲು ಬಂದಿರಲಿಲ್ಲ. ನನ್ನ ಕಾಲೇಜು ದೀಪಾವಳಿಯಿಂದ ಸಂಬಳ ಕೊಟ್ಟಿರಲಿಲ್ಲ. ಹಾಗಾಗಿ ಆ ವಾರ ನಮ್ಮ ಮನೆಯಲ್ಲಿ ದುಡಿದದ್ದಕ್ಕೆ ದುಡ್ಡು ಕಂಡ ಹೆಂಗಸು ಅತ್ತೆ ಒಬ್ಬರೇ. ಉತ್ತರದ ಸಂಬಳದಾಕೆ ಬಸ್ಸಿನ ಖರ್ಚಿಗೆ ದಕ್ಷಿಣದ ಕೂಲಿಯವಳ ಹತ್ತಿರವೇ ಕೈಗಡ ತೆಗೆದುಕೊಂಡಿದ್ದಳು ಎಂಬುದು ಪಠ್ಯಪುಸ್ತಕಕ್ಕೆ ಬರಲಾರದ ಸಂಗತಿ.

ಮುಂದಿನ ಬಟವಾಡೆಯ ಸಂಜೆ ನಾನು ಬರುವ ಹೊತ್ತಿಗೆ ಸಾಲು ಇನ್ನೂ ಇತ್ತು. ಮಾವ ಈ ಸಲ ಹೊಸ ಪಟಗ ಸುತ್ತಿರಲಿಲ್ಲ, ಬುದ್ಧಿಮಾತೂ ಇರಲಿಲ್ಲ. ಅತ್ತೆಯ ಸರದಿ ಬಂದಾಗ ಯಾರೂ ನಗಲಿಲ್ಲ. ಮಾವ ತಾವಾಗಿಯೇ ಎಣಿಸಿ, ಹೆಣ್ಣಾಳಿನ ಕೂಲಿಯನ್ನು ಮುಂದೆ ಹಿಡಿದರು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ನೋಡಿದರು, ಪಕ್ಕದಲ್ಲಿ ಬೀಡಿ ಹಚ್ಚುತ್ತಿದ್ದ ಗಂಡಾಳಿನ ಕಡೆ ನೋಡಿದರು, ಅವನ ಮುಷ್ಟಿಯಲ್ಲಿದ್ದ ನೋಟುಗಳನ್ನೂ ನೋಡಿದರು.

"ಅವಗ ಹೆಚ್ಚಿಗಿ ಯಾಕ್ರೀ?" ಎಂದು ಕೇಳಿದರು.

ಸಾಲಿನಲ್ಲಿದ್ದ ಹೆಂಗಸರೆಲ್ಲ ಒಂದು ಹೆಜ್ಜೆ ಹತ್ತಿರ ಬಂದರು. ಮಾವ ಕತ್ತೆತ್ತಿ, ಬದುವಿನ ಮೇಲೆ ನಿಂತ ನನ್ನನ್ನು ಕೆಂಡದಂಥ ಕಣ್ಣಿನಲ್ಲಿ ನೋಡಿದರು. ನಾನಲ್ಲ ಎಂಬಂತೆ ಎರಡೂ ಕೈ ಅಲ್ಲಾಡಿಸಿದೆ. ಅಷ್ಟು ದೂರ ನಾನು ಪಾಠ ಮಾಡಿರಲಿಲ್ಲ.